ಎಂಜಿನ್ ‘ಸೋಲು’ ಅಂದ ಓಪನಿಂಗ್ ಅನ್ನು ಸರಿಯಾಗಿ ಪರೀಕ್ಷಿಸೋದು ಹೇಗೆ? (ಹ್ಯಾಲೋವೀನ್ ಗ್ಯಾಂಬಿಟ್)

ಕುದುರೆಸವಾರ • ಭಾನುವಾರ, ರಾತ್ರಿ 9:50

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ಒಂದು ವರ್ಷದಿಂದ ನಾನು ಚೆಸ್‌ನಲ್ಲಿ ಬಿಳಿ ಕಾಯಿಗಳಿಂದ ಹ್ಯಾಲೋವೀನ್ ಗ್ಯಾಂಬಿಟ್ ಆಡುತ್ತಿದ್ದೇನೆ. ಗ್ಯಾಂಬಿಟ್ ಅಂದರೆ ಓಪನಿಂಗ್‌ನಲ್ಲೇ (ಆಟದ ಮೊದಲ ನಡೆಗಳಲ್ಲೇ) ಬೇಕಂತಲೇ ಕಾಯಿ ಕೊಟ್ಟು ದಾಳಿ ಹುಡುಕೋದು. ನೋಡದವರಿಗಾಗಿ ನಡೆಗಳನ್ನು ಹಾಕುತ್ತೇನೆ. ‘ಕು’ ಅಂದರೆ ಕುದುರೆ, ‘ಒಂ’ ಅಂದರೆ ಒಂಟೆ, ‘×’ ಅಂದರೆ ಹೊಡೆಯೋದು. ಸಂಖ್ಯೆಯ ಮುಂದೆ ‘...’ ಇದ್ದರೆ ಅದು ಕಪ್ಪಿನ ನಡೆ.

1. ಇ4 ಇ5 2. ಕು-ಎಫ್3 ಕು-ಸಿ6 3. ಕು-ಸಿ3 ಕು-ಎಫ್6 4. ಕು×ಇ5

ಅಂದರೆ ನಾಲ್ಕನೇ ನಡೆಗೇ ಒಂದು ಕಾಲಾಳಿಗಾಗಿ ಇಡೀ ಕುದುರೆ ಕೊಡುತ್ತೇವೆ. 4... ಕು×ಇ5 5. ಡಿ4. ಈಗ ಕಪ್ಪಿನ ಒಂದು ಕುದುರೆ ಓಡಬೇಕು. ಆಮೇಲೆ ಇ5 ತಳ್ಳಿದರೆ ಇನ್ನೊಂದೂ ಓಡಬೇಕು. ನಡು ಬೋರ್ಡ್ ಪೂರ್ತಿ ನಮ್ಮದು. ನನಗೆ ಈ ಓಪನಿಂಗ್ ಮೇಲೆ ನಿಜವಾಗಿ ಪ್ರೀತಿ ಇದೆ.

ಕಳೆದ ವಾರ ಪಕ್ಕದ ಊರಿನಲ್ಲಿ ರ‍್ಯಾಪಿಡ್ ಟೂರ್ನಿ ಇತ್ತು. ಮೂರನೇ ಸುತ್ತಿನಲ್ಲಿ ಎದುರಿಗೆ ಹನ್ನೊಂದೋ ಹನ್ನೆರಡೋ ವರ್ಷದ ಹುಡುಗ. ನಾನು ಇ5ರಲ್ಲಿ ಕುದುರೆ ಇಟ್ಟೆ. ಅವನು ನನ್ನ ಮುಖ ನೋಡಲೇ ಇಲ್ಲ. ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡು ಕೂತ. ಕೈ ಅವಸರ ಮಾಡಬಾರದು ಅಂತ ಯಾರೋ ಹೇಳಿಕೊಟ್ಟಿದ್ದಾರೆ. ಕ್ಲಾಕ್‌ನಲ್ಲಿ ಎರಡು ನಿಮಿಷ ಹೋಯಿತು. ಆಮೇಲೆ ಒಂದು ಕೈ ಹೊರಗೆ ತೆಗೆದು ಕುದುರೆ ಹೊಡೆದ, ಬಟನ್ ಒತ್ತಿದ, ಮತ್ತೆ ಕೈ ಕೆಳಗೆ.

5. ಡಿ4 ಕು-ಜಿ6 6. ಇ5 ಕು-ಜಿ8 7. ಒಂ-ಸಿ4. ಸಾಮಾನ್ಯವಾಗಿ ಇಲ್ಲಿ ಎದುರಾಳಿಗೆ ಗಾಬರಿ ಶುರುವಾಗುತ್ತೆ. ರಾಣಿ ಎಫ್3ಕ್ಕೆ ಬಂದರೆ ಎಫ್7ರಲ್ಲಿ ಮೇಟ್ ಅಲ್ವಾ? ಆದರೆ ಇವನು 7... ಡಿ5 ಅಂತ ಕಾಲಾಳು ತಳ್ಳಿದ. 8. ಒಂ×ಡಿ5 ಸಿ6 9. ಒಂ-ಬಿ3 ಒಂ-ಇ6. ಒಂಟೆಗೆ ಒಂಟೆ ಹೋಯಿತು. ದಾಳಿಯೂ ಅಲ್ಲಿಗೇ ಮುಗಿಯಿತು. ಕೈಯಲ್ಲಿ ಎರಡು ಕಾಲಾಳು ಜಾಸ್ತಿ, ಒಂದು ಕುದುರೆ ಕಮ್ಮಿ. ಕೊನೆವರೆಗೂ ಒದ್ದಾಡಿ ಸೋತೆ.

ಮನೆಗೆ ಬಂದು ಲ್ಯಾಪ್‌ಟಾಪ್‌ನಲ್ಲಿ ಸ್ಟಾಕ್‌ಫಿಶ್ ಎಂಜಿನ್ (ಚೆಸ್ ಆಡುವ ಪ್ರೋಗ್ರಾಮ್) ಹಾಕಿದೆ. ನಾಲ್ಕನೇ ನಡೆಗೇ ಯಾರು ಮುಂದಿದ್ದಾರೆ ಅಂತ ತೋರಿಸುವ ಬಾರ್ ಕಪ್ಪಿನ ಕಡೆ ಜಾರಿತು. ಡೆಪ್ತ್ (ಎಷ್ಟು ನಡೆ ಮುಂದೆ ನೋಡುತ್ತೆ ಅನ್ನೋದು) ಹೆಚ್ಚಿದರೂ ಮೇಲೆ ಬರಲಿಲ್ಲ. ಆಮೇಲೆ ಸ್ಟಾಕ್‌ಫಿಶ್ ಎದುರು ಸ್ಟಾಕ್‌ಫಿಶ್ ಅನ್ನೇ ಬಿಟ್ಟು, 5. ಡಿ4 ಆದ ಸ್ಥಾನದಿಂದ ರಾತ್ರಿಯಿಡೀ ಆಡಿಸಿದೆ. ಬೆಳಿಗ್ಗೆ ನೋಡಿದರೆ ಬಿಳಿ ಒಂದೂ ಗೆದ್ದಿರಲಿಲ್ಲ.

ನನ್ನ ಪ್ರಶ್ನೆ ಇಷ್ಟೇ. ಇಲ್ಲಿಗೆ ವಿಚಾರ ಮುಗಿಯಿತಾ? ಅಥವಾ ನಾನು ಪರೀಕ್ಷೆ ಮಾಡಿದ ರೀತಿಯೇ ತಪ್ಪಾ? ನನ್ನ ರೇಟಿಂಗ್ (ಆಟದ ಬಲದ ಅಂಕ) 1600ರ ಆಸುಪಾಸು. ಎದುರಿಗೆ ಬರುವವರೂ ಅದೇ ಮಟ್ಟದವರು.

---

ಬಿಳಿಮನೆ • ಭಾನುವಾರ, ರಾತ್ರಿ 10:35

ನಿಮ್ಮ ಪರೀಕ್ಷೆ ಒಂದು ಪ್ರಶ್ನೆಗೆ ಸರಿಯಾದ ಉತ್ತರ ಕೊಟ್ಟಿದೆ. ಆದರೆ ಅದು ನಿಮ್ಮ ಪ್ರಶ್ನೆ ಅಲ್ಲ.

ಮೊದಲು ಎಂಜಿನ್ ಬಾರ್ ಜೊತೆ ತೋರಿಸುವ ಅಂಕಿಯ ಅರ್ಥ ನೋಡೋಣ. ಹಿಂದೆ ಎಂಜಿನ್ +1.00 ಅಂದರೆ ಸುಮಾರಾಗಿ ಒಂದು ಕಾಲಾಳಿನಷ್ಟು ಮುಂದಿದ್ದೀರಿ ಅಂತ ಅರ್ಥ ಮಾಡಿಕೊಳ್ಳುತ್ತಿದ್ದೆವು. 2022ರ ಡಿಸೆಂಬರ್‌ನಲ್ಲಿ ಬಂದ ಸ್ಟಾಕ್‌ಫಿಶ್ 15.1ರಿಂದ ಲೆಕ್ಕ ಬದಲಾಯಿತು. ಈಗ +1.00 ಅಂದರೆ, ಆ ಸ್ಥಾನದಿಂದ ಸ್ಟಾಕ್‌ಫಿಶ್ ತನ್ನಂಥದ್ದೇ ಎಂಜಿನ್ ಎದುರು ಆಡಿದರೆ ಗೆಲ್ಲುವ ಸಾಧ್ಯತೆ ನೂರಕ್ಕೆ 50. ಉಳಿದದ್ದರಲ್ಲಿ ಬಹುಪಾಲು ಡ್ರಾ.

‘ತನ್ನಂಥದ್ದೇ ಎಂಜಿನ್ ಎದುರು’ ಅನ್ನೋ ಮಾತನ್ನು ಎರಡು ಸಲ ಓದಿ. ಆ ಹುಡುಗನೂ ನೀವೂ ಆ ಲೆಕ್ಕದಲ್ಲಿ ಎಲ್ಲೂ ಇಲ್ಲ. ಎದುರಾಳಿ ಪ್ರತಿ ಸಲ ಅತ್ಯುತ್ತಮ ನಡೆಯನ್ನೇ ಆಡುತ್ತಾನೆ ಅಂತ ಎಂಜಿನ್ ಇಟ್ಟುಕೊಂಡಿರುತ್ತೆ. ಆ ನಡೆ ಸಿಗುವುದು ಸುಲಭವಾ ಕಷ್ಟವಾ ಅನ್ನುವುದು ಅದಕ್ಕೆ ಬೇಕಿಲ್ಲ.

ಗ್ಯಾಂಬಿಟ್ ಆಡುವವರಿಗೆ ಬೇಕಾಗಿರುವುದೇ ಅದು.

ಹಾಗಾಗಿ ಒಂದು ಕೆಲಸ ಮಾಡಿ. ಎಂಜಿನ್ ಸೆಟ್ಟಿಂಗ್‌ನಲ್ಲಿ ಮಲ್ಟಿಪಿವಿ ಅಂತ ಇರುತ್ತೆ. ಅದನ್ನು 1ರಿಂದ 5ಕ್ಕೆ ಏರಿಸಿ. ಆಗ ಐದು ನಡೆಗಳನ್ನು ಅಂಕಿ ಸಮೇತ ಸಾಲಾಗಿ ತೋರಿಸುತ್ತೆ. ಕಪ್ಪಿನ ಸರದಿ ಬಂದಾಗಲೆಲ್ಲ ಮೊದಲ ನಡೆಗೂ ಎರಡನೆಯದಕ್ಕೂ ಎಷ್ಟು ಅಂತರ ಇದೆ ಅಂತ ಬರೆದಿಟ್ಟುಕೊಳ್ಳಿ. ಐದಕ್ಕೆ ಐದೂ ಚೆನ್ನಾಗಿದ್ದರೆ ಕಪ್ಪಿಗೆ ಕಣ್ಣು ಮುಚ್ಚಿ ಆಡಿದರೂ ನಡೆಯುತ್ತೆ, ನಿಮ್ಮ ಗ್ಯಾಂಬಿಟ್ ಸತ್ತಂತೆ. ಒಂದೇ ನಡೆ ಚೆನ್ನಾಗಿದ್ದು ಉಳಿದದ್ದೆಲ್ಲ ಕುಸಿಯುತ್ತಿದ್ದರೆ, ಕಪ್ಪು ಹಗ್ಗದ ಮೇಲೆ ನಡೆಯುತ್ತಿದೆ. ಹಗ್ಗ ಎಷ್ಟು ಉದ್ದ ಅಂತ ಅಳೆಯಿರಿ. ಎರಡು ನಡೆಯಷ್ಟೇ ಇದ್ದರೆ ಓದಿಕೊಂಡು ಬಂದವರು ದಾಟುತ್ತಾರೆ. ಐದಾರು ನಡೆ ಇದ್ದರೆ ನಿಮ್ಮ ಮಟ್ಟದಲ್ಲಿ ಬಹಳ ಜನ ಬೀಳುತ್ತಾರೆ.

ಇನ್ನೊಂದು ಮಾತು. ಅಂಕಿ ನೋಡಿ ಅಲ್ಲಿಗೇ ನಿಲ್ಲಬೇಡಿ. ಲೈನ್‌ನಲ್ಲಿ (ನಡೆಗಳ ಸರಣಿಯಲ್ಲಿ) ಆರೇಳು ನಡೆ ಮುಂದೆ ಹೋಗಿ, ಎಂಜಿನ್ ಸ್ವಲ್ಪ ಯೋಚಿಸಲಿ, ಆಮೇಲೆ ಒಂದೊಂದೇ ನಡೆ ಹಿಂದಕ್ಕೆ ಬನ್ನಿ. ಮುಂದೆ ಕಂಡದ್ದು ಹ್ಯಾಶ್ ಮೆಮೊರಿಯಲ್ಲಿ ಉಳಿದಿರುತ್ತೆ. ಹಿಂದಕ್ಕೆ ಬಂದಾಗ ಅಂಕಿ ಬದಲಾಗೋದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

---

ಇಟಾಲಿಯನ್_ಸಾಕು • ಭಾನುವಾರ, ರಾತ್ರಿ 11:10

ಬೇಜಾರು ಮಾಡ್ಕೋಬೇಡಿ ಸರ್, ನಾನು ನೇರವಾಗಿ ಹೇಳ್ತೀನಿ. 1600ರಲ್ಲಿ ಕುದುರೆ ಕೊಟ್ಟು ಗೆಲ್ಲೋದು ಎದುರಾಳಿ ತಪ್ಪು ಮಾಡಿದರೆ ಮಾತ್ರ. ಆ ಒಂದು ವರ್ಷ ಇಟಾಲಿಯನ್ ಓಪನಿಂಗ್ ಆಡಿದ್ದಿದ್ದರೆ ಇವತ್ತು 1750 ಇರುತ್ತಿದ್ದಿರಿ. ನಾನೂ ಎರಡು ವರ್ಷ ಇಂಗ್ಲಂಡ್ ಗ್ಯಾಂಬಿಟ್ ಹಿಂದೆ ಬಿದ್ದಿದ್ದೆ. 1. ಡಿ4 ಇ5 2. ಡಿ×ಇ5 ಕು-ಸಿ6 3. ಕು-ಎಫ್3 ರಾಣಿ-ಇ7 4. ಒಂ-ಎಫ್4 ರಾಣಿ-ಬಿ4 ಚೆಕ್ 5. ಒಂ-ಡಿ2 ರಾಣಿ×ಬಿ2. ಇಲ್ಲಿ ಬಿಳಿ 6. ಒಂ-ಸಿ3 ಆಡಿದರೆ 6... ಒಂ-ಬಿ4, ಆಮೇಲೆ 7. ರಾಣಿ-ಡಿ2 ಒಂ×ಸಿ3 8. ರಾಣಿ×ಸಿ3 ರಾಣಿ-ಸಿ1 ಮೇಟ್. ನೋಡೋಕೆ ಎಷ್ಟು ಚೆಂದ! ಆದರೆ 6. ಕು-ಸಿ3 ಅಂತ ಒಂದೇ ಒಂದು ನಡೆ ಗೊತ್ತಿದ್ದವರ ಎದುರು ಪ್ರತಿ ಸಲ ಹಿಂದೆ ಬಿದ್ದೆ. ಆ ಎರಡು ವರ್ಷದಲ್ಲಿ ನಾನು ಕಲಿತದ್ದು ಒಂದು ಬಲೆ ಮಾತ್ರ.

---

ರಾತ್ರಿಪಾಳಿ • ಸೋಮವಾರ, ಬೆಳಗಿನ ಜಾವ 2:20

ರಾತ್ರಿಯಿಡೀ ಆಡಿಸಿದೆ ಅಂದಿರಲ್ಲ, ಅದರ ಬಗ್ಗೆ ಸ್ವಲ್ಪ ಹೇಳುತ್ತೇನೆ. ಈ ಕೆಲಸವನ್ನು ನಾನು ಬಹಳ ದಿನದಿಂದ ಮಾಡುತ್ತಿದ್ದೇನೆ. ಶುರುವಿನಲ್ಲಿ ಇದೇ ತಪ್ಪುಗಳನ್ನು ನಾನೂ ಮಾಡಿದ್ದೆ.

ಒಂದೇ ಸ್ಥಾನ, ಒಂದೇ ಎಂಜಿನ್, ಒಂದೇ ಸಮಯ ಕೊಟ್ಟರೆ ನಿಮಗೆ ನೂರು ಆಟ ಸಿಗುವುದಿಲ್ಲ. ಒಂದೇ ಆಟದ ನೂರು ನಕಲು ಸಿಗುತ್ತೆ. ಒಂದೇ ಥ್ರೆಡ್ (ಪ್ರೊಸೆಸರ್‌ನ ಒಂದೇ ಕೆಲಸದ ಎಳೆ), ನಿಗದಿತ ನೋಡ್‌ಗಳು (ಎಂಜಿನ್ ನೋಡುವ ಸ್ಥಾನಗಳ ಎಣಿಕೆ) ಅಂತ ಕೊಟ್ಟರೆ ಅಕ್ಷರಶಃ ಅದೇ ಆಟ ಮತ್ತೆ ಬರುತ್ತೆ. ಥ್ರೆಡ್ ಜಾಸ್ತಿ ಕೊಟ್ಟರೆ ಸ್ವಲ್ಪ ವ್ಯತ್ಯಾಸ ಬರುತ್ತೆ, ಆದರೂ ಮೊದಲ ಹತ್ತು ಹದಿನೈದು ನಡೆ ಹೆಚ್ಚುಕಡಿಮೆ ಅವೇ. ಆಟಗಳು ದಾಖಲಾಗಿರುವ ನಿಮ್ಮ ಪಿಜಿಎನ್ ಫೈಲ್ ತೆರೆದು ನೋಡಿ. ಎಷ್ಟು ಆಟಗಳಲ್ಲಿ 7... ಡಿ5 ಬಂದಿದೆ ಅಂತ ಎಣಿಸಿ. ಬಹುಶಃ ರಾತ್ರಿಯಿಡೀ ನೀವು ಒಂದೇ ಲೈನ್ ಅನ್ನು ಪರೀಕ್ಷೆ ಮಾಡಿದ್ದೀರಿ.

ನಾನು ಮಾಡೋದು ಹೀಗೆ. ಕ್ಯೂಟ್‌ಚೆಸ್ ಅಂತ ಒಂದು ಉಚಿತ ಪ್ರೋಗ್ರಾಮ್ ಇದೆ, ಎರಡು ಎಂಜಿನ್‌ಗಳನ್ನು ಆಡಿಸೋಕೆ. ಅದಕ್ಕೆ ಓಪನಿಂಗ್ ಫೈಲ್ ಕೊಡಬಹುದು. ಆ ಫೈಲ್‌ಗೆ ನನ್ನ ಗ್ಯಾಂಬಿಟ್‌ನಿಂದ ಹುಟ್ಟುವ ಬೇರೆ ಬೇರೆ ಸ್ಥಾನಗಳನ್ನು ಹಾಕುತ್ತೇನೆ. ಕಪ್ಪಿನ ಕುದುರೆ ಜಿ6ಕ್ಕೆ ಹೋದದ್ದು, ಸಿ6ಕ್ಕೆ ಹೋದದ್ದು, ಮನುಷ್ಯರು ಆಡುವ ಅರೆಬರೆ ನಡೆಗಳು, ಎಲ್ಲವೂ. ಮೂವತ್ತು ನಲವತ್ತು ಸ್ಥಾನ ಆದರೆ ಪರೀಕ್ಷೆಗೆ ಅರ್ಥ ಬರುತ್ತೆ.

ಎರಡನೆಯದು, ಹೋಲಿಕೆ. ಹ್ಯಾಲೋವೀನ್ ಇಷ್ಟು ಅಂಕ ತಂದಿತು ಅನ್ನುವುದರಿಂದ ಏನೂ ತಿಳಿಯುವುದಿಲ್ಲ. ಅದೇ ಎಂಜಿನ್, ಅದೇ ಸಮಯ ಇಟ್ಟು 4. ಡಿ4 ಆಡಿಸಿ, ಅಂದರೆ ಸ್ಕಾಚ್ ನಾಲ್ಕು ಕುದುರೆ. 4. ಒಂ-ಬಿ5 ಕೂಡ ಆಡಿಸಿ. ಕುದುರೆ ಕೊಡದೆ ಇದ್ದಿದ್ದರೆ ಏನು ಸಿಗುತ್ತಿತ್ತೋ ಅದರ ಪಕ್ಕದಲ್ಲಿಟ್ಟು ನೋಡಬೇಕು.

ಮೂರನೆಯದು, ಎಣಿಕೆ. ಹತ್ತು ಆಟದಲ್ಲಿ ಆರು ಗೆದ್ದರೆ ಅದಕ್ಕೆ ಯಾವ ಬೆಲೆಯೂ ಇಲ್ಲ. ಡ್ರಾ ಇಲ್ಲ ಅಂತ ಇಟ್ಟುಕೊಳ್ಳಿ. ನಿಜವಾಗಿ ಸಮಬಲದ ಇಬ್ಬರು ನೂರು ಆಟ ಆಡಿದರೂ ಬರೀ ಅದೃಷ್ಟದಿಂದ 40ರಿಂದ 60ರವರೆಗೆ ಎಲ್ಲಿ ಬೇಕಾದರೂ ಬರಬಹುದು. ಆಟ ನಾಲ್ಕು ಪಟ್ಟು ಜಾಸ್ತಿ ಆದರೆ ಈ ಅಲುಗಾಟ ಅರ್ಧಕ್ಕೆ ಇಳಿಯುತ್ತೆ. ಹಾಗಾಗಿ ಒಂದು ನಡೆಗೆ ಹೆಚ್ಚು ಸೆಕೆಂಡ್ ಕೊಡುವುದಕ್ಕಿಂತ, ಕಡಿಮೆ ಸೆಕೆಂಡ್‌ನಲ್ಲಿ ಜಾಸ್ತಿ ಆಟ ಆಡಿಸುವುದು ಮೇಲು.

ಇಷ್ಟೆಲ್ಲ ಮಾಡಿದ ಮೇಲೂ ಬಿಳಿಮನೆ ಅವರು ಹೇಳಿದ್ದು ಹಾಗೇ ಉಳಿಯುತ್ತೆ. ಅದು ಎಂಜಿನ್‌ಗಳ ಆಟ. ಅದಕ್ಕೇ ನಾನು ಈಗ ಮಾಯಾ ಎಂಜಿನ್ ಬಳಸುತ್ತೇನೆ. ಲಿಚೆಸ್ ಅನ್ನುವ ಚೆಸ್ ಸೈಟ್‌ನಲ್ಲಿ ಮನುಷ್ಯರು ಆಡಿದ ಆಟಗಳಿಂದ ಅದಕ್ಕೆ ತರಬೇತಿ ಕೊಟ್ಟಿದ್ದಾರೆ. 1100ರಿಂದ 1900ರವರೆಗೆ ಒಂದೊಂದು ಮಟ್ಟಕ್ಕೂ ಒಂದೊಂದು ಮಾದರಿ ಇದೆ. ಮುಂದಕ್ಕೆ ಲೆಕ್ಕ ಹಾಕಲು ಬಿಡದೆ, ಒಂದೇ ನೋಡ್ ಕೊಟ್ಟು ಓಡಿಸಬೇಕು. ಆಗ ಅತ್ಯುತ್ತಮ ನಡೆಯ ಬದಲು, ಈ ಮಟ್ಟದವರು ಇಲ್ಲಿ ಏನು ಆಡುತ್ತಾರೆ ಅನ್ನುವುದನ್ನು ಅದು ಹೇಳುತ್ತೆ. ಸ್ಟಾಕ್‌ಫಿಶ್‌ಗೂ ರೇಟಿಂಗ್ ಮಿತಿ ಹಾಕಬಹುದು, ನಿಜ. ಆದರೆ ಅದು ನಡುನಡುವೆ ಬೇಕಂತಲೇ ಕೆಟ್ಟ ನಡೆ ಆರಿಸುತ್ತೆ. ಮನುಷ್ಯರ ತಪ್ಪು ಹಾಗಿರೋದಿಲ್ಲ.

ಒಂದು ಎಚ್ಚರಿಕೆ. ಬಿಳಿಗೆ ಸ್ಟಾಕ್‌ಫಿಶ್, ಕಪ್ಪಿಗೆ ಮಾಯಾ 1600 ಅಂತ ಆಡಿಸಿ ಖುಷಿ ಪಡಬೇಡಿ. ಸ್ಟಾಕ್‌ಫಿಶ್ ಯಾವ ಸ್ಥಾನದಿಂದಲೂ ಗೆಲ್ಲುತ್ತೆ. ಎರಡೂ ಕಡೆ ಮಾಯಾ ಇರಬೇಕು.

---

ಹಳೇಬೋರ್ಡ್ • ಸೋಮವಾರ, ಬೆಳಿಗ್ಗೆ 7:05

ಈ ಚರ್ಚೆ ನೋಡಿ ತುಂಬ ಖುಷಿಯಾಯಿತು. ಕುದುರೆಸವಾರರೇ, ನೀವು ಆರಿಸಿಕೊಂಡ ಓಪನಿಂಗ್‌ಗೂ ಕಂಪ್ಯೂಟರ್‌ಗೂ ಹಳೆಯ ನಂಟಿದೆ. ಗೊತ್ತಿತ್ತಾ?

ಇದು 19ನೇ ಶತಮಾನದಲ್ಲೇ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಆಡುತ್ತಿದ್ದ ಗ್ಯಾಂಬಿಟ್. ಅಲ್ಲಿನವರು ಇದನ್ನು ಮ್ಯೂಲರ್-ಶುಲ್ಟ್ಸೆ ಗ್ಯಾಂಬಿಟ್ ಅನ್ನುತ್ತಿದ್ದರು. ಅದು ಯಾವ ಆಟಗಾರರ ಹೆಸರೂ ಅಲ್ಲ. ಜರ್ಮನಿಯಲ್ಲಿ ಎಲ್ಲ ಬೀದಿಯಲ್ಲೂ ಸಿಗುವ ಮನೆತನದ ಹೆಸರುಗಳು ಅವು. ಆಸ್ಕರ್ ಕೋರ್ಡೆಲ್ 1888ರಲ್ಲಿ ಇದನ್ನು ದಾಖಲಿಸಿದರು.

ನೂರು ವರ್ಷ ಕಳೆದ ಮೇಲೆ ಸ್ಟೆಫೆನ್ ಯಾಕೊಬ್ ಅನ್ನುವ ಚೆಸ್ ಪ್ರೋಗ್ರಾಮರ್ ಇದನ್ನು ಮತ್ತೆ ಎತ್ತಿಕೊಂಡರು. ಚೆಸ್ ಎಂಜಿನ್‌ನ ಒಂದು ನಕಲು ಮಾಡಿ, ಅದಕ್ಕೆ ‘ಬ್ರೌಸೆ’ ಅಂತ ಹೆಸರಿಟ್ಟು, ಇಂಟರ್‌ನೆಟ್ ಚೆಸ್ ಸರ್ವರ್‌ನಲ್ಲಿ ಬಿಟ್ಟರು. ಅದು ಈ ಒಂದೇ ಗ್ಯಾಂಬಿಟ್‌ನಲ್ಲಿ ಸಾವಿರಾರು ಆಟ ಆಡಿತು, ಅದೂ ಮನುಷ್ಯರ ಎದುರು. ಹ್ಯಾಲೋವೀನ್ ಅನ್ನುವ ಹೆಸರಿಗೆ ಕಾರಣ ಹೇಳಿದವರೂ ಅವರೇ. ಮುಖವಾಡ ಹಾಕಿಕೊಂಡು ಎದುರಿಗೆ ಬಂದವರನ್ನು ಕಂಡು ಬೆಚ್ಚುವ ಹಾಗೆ, 4. ಕು×ಇ5 ನೋಡಿ ಎದುರಾಳಿ ಬೆಚ್ಚುತ್ತಾನೆ ಅಂತ.

ನನಗೆ ಇದರಲ್ಲಿ ಮುಖ್ಯ ಅನ್ನಿಸಿದ್ದು ಅವರು ಕೇಳಿದ ಪ್ರಶ್ನೆ. ಈ ಗ್ಯಾಂಬಿಟ್ ಸರಿಯೋ ತಪ್ಪೋ ಅಂತ ಎಂಜಿನ್ ಅನ್ನು ಕೇಳಿ ಸುಮ್ಮನಾಗಲಿಲ್ಲ. ಎಂಜಿನ್ ಕೈಯಲ್ಲಿ ಅದನ್ನು ಜನರ ಎದುರು ಆಡಿಸಿ ಏನಾಗುತ್ತೆ ಅಂತ ನೋಡಿದರು. ಈಗ ಲಿಚೆಸ್‌ನಲ್ಲಿ ಕುದುರೆ ಇಲ್ಲದೆ ಆಟ ಶುರು ಮಾಡುವ ಲೀಲಾ ಎಂಜಿನ್‌ನ ಬಾಟ್ ಇದೆಯಲ್ಲ, ಅದೂ ಇದೇ ಜಾತಿ. ಸ್ಟಾಕ್‌ಫಿಶ್ ಅಂಕಿ ಪ್ರಕಾರ ಮೊದಲ ನಡೆಗೂ ಮುಂಚೆಯೇ ಅದು ಸೋತಿರಬೇಕು. ಬ್ಲಿಟ್ಜ್‌ನಲ್ಲಿ (ಕೆಲವೇ ನಿಮಿಷದ ಆಟದಲ್ಲಿ) ಅದು ಗ್ರ್ಯಾಂಡ್‌ಮಾಸ್ಟರ್‌ಗಳನ್ನೇ ಸೋಲಿಸಿದೆ. ಆಟವನ್ನು ತೊಡಕಾಗಿಯೇ ಇಡುತ್ತೆ, ಸುಲಭದ ಕಾಯಿ ಬದಲಾವಣೆಗಳಿಗೆ ಒಪ್ಪೋದಿಲ್ಲ. ಆ ಆಟಗಳನ್ನು ಒಮ್ಮೆ ಕೂತು ನೋಡಿ. ಕಾಯಿ ಕಡಿಮೆ ಇದ್ದಾಗ ಹೇಗೆ ಆಡಬೇಕು ಅನ್ನುವುದಕ್ಕೆ ಅದಕ್ಕಿಂತ ಒಳ್ಳೆ ಪಾಠ ನಾನು ಕಂಡಿಲ್ಲ.

ಎಂಜಿನ್ ತೀರ್ಪಿನ ಬಗ್ಗೆ ಒಂದು ಹಳೇ ಕಥೆಯನ್ನೂ ಹೇಳಿಬಿಡುತ್ತೇನೆ. 2012ರ ಏಪ್ರಿಲ್ ಆರಂಭದಲ್ಲಿ ಚೆಸ್‌ಬೇಸ್ ಸೈಟ್‌ನಲ್ಲಿ ಒಂದು ಸಂದರ್ಶನ ಬಂತು. ರಿಬ್ಕಾ ಎಂಜಿನ್ ಬರೆದ ವಾಸಿಕ್ ರಾಯ್ಲಿಕ್ ಅವರದು. ಭಾರಿ ಕಂಪ್ಯೂಟರ್ ಬಲದಿಂದ ಕಿಂಗ್ಸ್ ಗ್ಯಾಂಬಿಟ್ (1. ಇ4 ಇ5 2. ಎಫ್4) ಅನ್ನು ಪೂರ್ತಿ ಬಿಡಿಸಿದ್ದೇವೆ, ಎಫ್4 ಕಾಲಾಳನ್ನು ಕಪ್ಪು ಹೊಡೆದ ಮೇಲೆ ಬಿಳಿಗೆ 3. ಒಂ-ಇ2 ಒಂದರಲ್ಲಿ ಮಾತ್ರ ಡ್ರಾ, ಬೇರೆ ಎಲ್ಲದರಲ್ಲೂ ಸೋಲು ಅಂತ. ಎಷ್ಟೋ ಜನ ನಂಬಿದರು, ನಾನೂ ನಂಬಿದೆ. ಆಮೇಲೆ ಅದು ಏಪ್ರಿಲ್ ಫೂಲ್ ಅಂತ ಅವರೇ ಹೇಳಿದರು. ಯಾಕೆ ನಂಬಿದೆವು? ಕಂಪ್ಯೂಟರ್ ಹೇಳಿತು ಅಂದ ಕೂಡಲೇ ನಮ್ಮ ಕೈ ನಿಂತುಹೋಗುತ್ತೆ. ಇವತ್ತಿಗೂ ಪೂರ್ತಿ ಬಿಡಿಸಿರುವುದು ಏಳು ಕಾಯಿವರೆಗಿನ ಅಂತ್ಯದಾಟಗಳನ್ನು ಮಾತ್ರ. ಓಪನಿಂಗ್‌ನಲ್ಲಿ ಎಂಜಿನ್ ಕೊಡುವುದು ಅಂದಾಜು. ತುಂಬಾ ಒಳ್ಳೆಯ ಅಂದಾಜು, ಆದರೂ ಅಂದಾಜೇ.

---

ಕುದುರೆಸವಾರ • ಮಂಗಳವಾರ, ರಾತ್ರಿ 10:15

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬ್ರೌಸೆ ವಿಷಯ ಗೊತ್ತೇ ಇರಲಿಲ್ಲ.

ರಾತ್ರಿಪಾಳಿ ಅವರೇ, ಪಿಜಿಎನ್ ತೆರೆದು ನೋಡಿದೆ. ನೀವು ಹೇಳಿದ್ದೇ ನಿಜ. ಕೆಲವು ಆಟಗಳಂತೂ ಇಪ್ಪತ್ತು ನಡೆವರೆಗೆ ಅಚ್ಚು ಒತ್ತಿದ ಹಾಗೆ ಇವೆ.

ಎರಡು ರಾತ್ರಿ ಮಲ್ಟಿಪಿವಿ ಹಾಕಿಕೊಂಡು ಕೂತಿದ್ದೆ. ನೋಟ್‌ಬುಕ್‌ನಲ್ಲಿ ಬರೆದದ್ದನ್ನು ಇಲ್ಲಿ ಹಾಕುತ್ತೇನೆ.

5... ಕು-ಜಿ6 ಲೈನ್‌ನಲ್ಲಿ 7. ಒಂ-ಸಿ4 ಆದ ಮೇಲೆ 7... ಡಿ5 ಎಲ್ಲಕ್ಕಿಂತ ಮೇಲೆ ನಿಲ್ಲುತ್ತೆ. ಎರಡನೆಯದಕ್ಕೂ ಅದಕ್ಕೂ ಒಳ್ಳೆ ಅಂತರ ಇದೆ. ಆದರೆ ಅದೊಂದು ನಡೆ ಸಿಕ್ಕಿದರೆ ಮುಂದಿನದೆಲ್ಲ ಸುಲಭ. ಸಿ6, ಒಂ-ಇ6, ಯಾರಿಗಾದರೂ ಹೊಳೆಯುವ ನಡೆಗಳೇ. ಬಿಳಿಮನೆ ಅವರ ಮಾತಿನಲ್ಲಿ ಹೇಳಬೇಕೆಂದರೆ, ಹಗ್ಗ ತುಂಬಾ ಗಿಡ್ಡ.

5... ಕು-ಸಿ6 ಲೈನ್ ಬೇರೆ ಥರ ಇದೆ. 6. ಡಿ5 ಆದ ಮೇಲೆ ನನ್ನ ಎದುರಾಳಿಗಳು ಬಹುತೇಕ 6... ಕು-ಇ5 ಆಡುತ್ತಾರೆ. ಆಗ 7. ಎಫ್4 ಕು-ಜಿ6 8. ಇ5 ಕು-ಜಿ8 9. ಡಿ6. ಕಪ್ಪಿನ ಎರಡೂ ಒಂಟೆ ಒಳಗೇ ಇವೆ. ಒಂದು ಕುದುರೆ ಹೊರಟ ಮನೆಗೇ ವಾಪಸ್ ಬಂದಿದೆ. ಎಂಜಿನ್ ಕೂಡ ಇಲ್ಲಿ ಮೊದಲಿನಷ್ಟು ಕಪ್ಪಿನ ಪರ ಇಲ್ಲ, ಅಂತರ ತುಂಬ ಇಳಿಯುತ್ತೆ. ಈ ಸ್ಥಾನವನ್ನು ಬೋರ್ಡ್ ಮೇಲೆ ಜೋಡಿಸಿ ಸುಮ್ನೆ ನೋಡುತ್ತಾ ಕೂತಿದ್ದೆ. ನನಗೆ ಬೇಕಾದದ್ದು ಇಂಥ ಆಟವೇ.

ಆದರೆ ಎಂಜಿನ್ 6... ಒಂ-ಬಿ4 ಅನ್ನುತ್ತೆ! ಕುದುರೆ ಬಿಟ್ಟುಕೊಟ್ಟು 7. ಡಿ×ಸಿ6 ಕು×ಇ4 8. ರಾಣಿ-ಡಿ4 ರಾಣಿ-ಇ7. ತೆಗೆದುಕೊಂಡ ಕಾಯಿಯನ್ನು ವಾಪಸ್ ಕೊಟ್ಟುಬಿಡುತ್ತೆ. ಅಲ್ಲಿಂದ ಮುಂದೆ ದಾಳಿ ಕಪ್ಪಿನದು, ನನ್ನ ರಾಜ ನಡುವಿನಲ್ಲಿ ಸಿಕ್ಕಿಬಿದ್ದಿದೆ. ಇದನ್ನು ಇವತ್ತಿನವರೆಗೆ ಯಾರೂ ನನ್ನ ಎದುರು ಆಡಿಲ್ಲ. ಆಡಿದರೆ ಏನು ಮಾಡಬೇಕು ಅಂತಲೂ ನನಗೆ ಗೊತ್ತಿರಲಿಲ್ಲ. ಒಂದು ವರ್ಷ ಆಡಿದ ಮೇಲೆ ಈಗ ಗೊತ್ತಾಗುತ್ತಿದೆ.

---

ಎಂಟನೇಸಾಲು • ಬುಧವಾರ, ಮಧ್ಯಾಹ್ನ 1:30

ನಾನು ಮಕ್ಕಳಿಗೆ ಚೆಸ್ ಹೇಳಿಕೊಡುತ್ತೇನೆ. ನಿಮ್ಮ ಕೊನೆಯ ಸಾಲು ಓದಿ ಬರೆಯಲೇಬೇಕು ಅನ್ನಿಸಿತು.

ಕುದುರೆಸವಾರ ಅವರೇ, ಎಂಜಿನ್ ಹಾಕುವ ಮುಂಚೆ ಒಂದು ಕೆಲಸ ಮಾಡಬೇಕಿತ್ತು. 9. ಡಿ6 ಸ್ಥಾನವನ್ನು ಬೋರ್ಡ್ ಮೇಲೆ ಜೋಡಿಸಿ ನೋಡುತ್ತಾ ಕೂತೆ ಅಂದಿರಲ್ಲ, ಅದನ್ನು ಮೊದಲು ಮಾಡಬೇಕು. ನನ್ನ ಕ್ಲಾಸಿನಲ್ಲಿ ಒಂದು ನಿಯಮ ಇದೆ. ಸೋತ ಆಟ ತಂದರೆ ಮೊದಲು ಪೆನ್ಸಿಲ್‌ನಲ್ಲಿ ಬರೆಯಬೇಕು. ಎಲ್ಲಿ ಹೆದರಿದೆ, ಎಲ್ಲಿ ಚೆನ್ನಾಗಿದ್ದೀನಿ ಅಂದುಕೊಂಡೆ, ಎದುರಾಳಿ ಇನ್ನೇನು ಆಡಬಹುದಿತ್ತು. ಅದಾದ ಮೇಲೆಯೇ ಫೋನ್. ಫೋನ್ ಮೊದಲು ಬಂದರೆ ಮಗು ಬೋರ್ಡ್ ನೋಡುವುದನ್ನೇ ಬಿಡುತ್ತೆ, ಬಾರ್ ನೋಡುತ್ತೆ. ಬಾರ್ ಮೇಲೆ ಹೋದರೆ ನಗು, ಕೆಳಗೆ ಬಂದರೆ ಅಳು. ಯಾಕೆ ಅಂತ ಕೇಳಿದರೆ ‘ಎಂಜಿನ್ ಹೇಳ್ತು ಮಿಸ್’ ಅನ್ನುತ್ತೆ. ಈ ಮಾತು ಕೇಳಿದಾಗಲೆಲ್ಲ ನನಗೆ ನಿಜವಾಗಿ ನೋವಾಗುತ್ತೆ.

ಎಂಜಿನ್ ಬೇಡ ಅನ್ನುವವಳಲ್ಲ ನಾನು. ದಿನಾ ಬಳಸುತ್ತೇನೆ. ನಿಮ್ಮ ಪ್ರಶ್ನೆಗೆ ನಾನು ಹೇಳುವ ದಾರಿ ಇದು. ಲಿಚೆಸ್‌ನ ಓಪನಿಂಗ್ ಎಕ್ಸ್‌ಪ್ಲೋರರ್ ತೆರೆಯಿರಿ. ಅದರಲ್ಲಿ ರೇಟಿಂಗ್ ಆರಿಸಬಹುದು, ಆಟದ ಸಮಯವನ್ನೂ ಆರಿಸಬಹುದು. ನಿಮ್ಮ ಮಟ್ಟವನ್ನೂ ರ‍್ಯಾಪಿಡ್ ಅನ್ನೂ ಆರಿಸಿ, 4. ಕು×ಇ5ರಿಂದ ಒಂದೊಂದೇ ನಡೆ ಇಳಿಯಿರಿ. ಆ ಮಟ್ಟದ ಆಟಗಾರರು ಎಷ್ಟು ಜನ ಯಾವ ನಡೆ ಆಡಿದ್ದಾರೆ, ಫಲಿತಾಂಶ ಏನು, ಎಲ್ಲ ಕಾಣುತ್ತೆ. ಎಂಜಿನ್‌ನ ಮೊದಲ ಆಯ್ಕೆಯನ್ನು ಜನ ಎಷ್ಟು ಸಲ ಆಡಿದ್ದಾರೆ ಅಂತ ಪಕ್ಕದಲ್ಲಿ ಬರೆಯಿರಿ. ಎರಡೂ ಅಂಕಿ ಒಟ್ಟಿಗೆ ಕಂಡಾಗ ನಿಮ್ಮ ಗ್ಯಾಂಬಿಟ್‌ನ ನಿಜವಾದ ಚಿತ್ರ ಸಿಗುತ್ತೆ.

ಒಂದು ವಿಷಯ ಮರೆಯಬೇಡಿ. ಅಲ್ಲಿರುವುದು ಮೊದಲ ಸಲ ಈ ನಡೆ ನೋಡಿದವರ ಆಟಗಳೇ ಜಾಸ್ತಿ. ಊರಿನ ಟೂರ್ನಿಯಲ್ಲಿ ಅದೇ ಮುಖಗಳು ಮತ್ತೆ ಮತ್ತೆ ಎದುರು ಬರುತ್ತವೆ. ಅವರು ಮನೆಗೆ ಹೋಗಿ ನೋಡಿಕೊಂಡೇ ಬರುತ್ತಾರೆ. ಆ ಹುಡುಗ ಡಿ5 ಆಡಿದ್ದು ನೋಡಿದರೆ, ಅವನ ಕೋಚ್ ಅವನಿಗೆ ಮೊದಲೇ ತೋರಿಸಿದ್ದಿರಬೇಕು.

ಮತ್ತೆ, ಓದುವ ಮಕ್ಕಳಿಗಾಗಿ ಒಂದು ಮಾತು. ಇದೆಲ್ಲ ಆಟದ ಮುಂಚೆ, ಇಲ್ಲವೇ ಆಟ ಮುಗಿದ ಮೇಲೆ. ಆಟ ನಡೆಯುವಾಗ ಎಂಜಿನ್ ನೋಡಿದರೆ ಅದು ಮೋಸ. ಕರೆಸ್ಪಾಂಡೆನ್ಸ್ ಚೆಸ್‌ನ ಜಾಗತಿಕ ಸಂಸ್ಥೆ ಐಸಿಸಿಎಫ್‌ನಲ್ಲಿ ಎಂಜಿನ್‌ಗೆ ಒಪ್ಪಿಗೆ ಇದೆ, ಅದು ಬೇರೆ ಲೋಕ. ಅಲ್ಲಿ ಮೇಲಿನ ಮಟ್ಟದಲ್ಲಿ ಬಹುತೇಕ ಎಲ್ಲ ಆಟ ಡ್ರಾ ಆಗುತ್ತೆ. ಇಬ್ಬರ ಹತ್ತಿರವೂ ಎಂಜಿನ್ ಇದ್ದರೆ ಮುಖವಾಡಕ್ಕೆ ಯಾರು ಬೆಚ್ಚುತ್ತಾರೆ?

---

ಇಟಾಲಿಯನ್_ಸಾಕು • ಬುಧವಾರ, ಸಂಜೆ 6:45

ಮೇಡಂ ಹೇಳಿದ್ದು ಒಪ್ಪಿದೆ. ‘ಅದೇ ಮುಖಗಳು’ ಅನ್ನುವ ಮಾತೇ ನನ್ನ ವಾದ ಕೂಡ. ಬಲೆ ಒಂದು ಸಲ ಕೆಲಸ ಮಾಡುತ್ತೆ.

---

ಬಿಳಿಮನೆ • ಬುಧವಾರ, ರಾತ್ರಿ 9:20

ಇಟಾಲಿಯನ್ ಅವರೇ, ಒಂದು ವ್ಯತ್ಯಾಸ ಗಮನಿಸಿ. ಅಪರೂಪದ ಓಪನಿಂಗ್ ಎಲ್ಲ ಬಲೆಯಲ್ಲ.

2023ರಲ್ಲಿ ಅಸ್ತಾನಾದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್ ನೆನಪಿದೆಯಾ? ಎರಡನೇ ಆಟದಲ್ಲಿ ಡಿಂಗ್ ಲಿರೆನ್ ಬಿಳಿಯಲ್ಲಿ 1. ಡಿ4 ಕು-ಎಫ್6 2. ಸಿ4 ಇ6 3. ಕು-ಎಫ್3 ಡಿ5, ಆಮೇಲೆ 4. ಎಚ್3 ಅಂತ ಮೂಲೆಯ ಕಡೆ ಒಂದು ಸಣ್ಣ ನಡೆ ಆಡಿದರು. ನೋಡುತ್ತಿದ್ದವರೆಲ್ಲ ಇದೇನು ಅಂದರು. ಅವರ ಸಹಾಯಕರಾಗಿದ್ದವರು ರಿಚರ್ಡ್ ರಾಪೋರ್ಟ್, ಇಂಥ ನಡೆಗಳಿಗೆ ಹೆಸರಾದವರು. ಎಂಜಿನ್ ಆ ನಡೆಯನ್ನು ಕೆಟ್ಟದ್ದು ಅನ್ನುವುದಿಲ್ಲ. ಸರಿಸಮ ಅನ್ನುತ್ತೆ ಅಷ್ಟೇ. ಎದುರಾಳಿ ಮನೆಯಲ್ಲಿ ಓದಿದ್ದನ್ನೆಲ್ಲ ಬಿಟ್ಟು ಬೋರ್ಡ್ ಮುಂದೆ ಯೋಚಿಸಲಿ ಅನ್ನುವುದು ಉದ್ದೇಶ. ಆ ಆಟವನ್ನು ಎದುರಾಳಿ ನೆಪೋಮ್ನಿಯಾಶಿ ಗೆದ್ದರು, ಅದು ಬೇರೆ ವಿಷಯ. ಕೊನೆಗೆ ಪಟ್ಟ ಡಿಂಗ್ ಅವರದೇ ಆಯಿತು.

ಈಗ ದೊಡ್ಡ ಆಟಗಾರರು ಎಂಜಿನ್ ಬಳಸಿ ಅಪರೂಪದ ನಡೆ ಹುಡುಕೋದು ಹೀಗೆಯೇ. ಎಂಜಿನ್ ಪಟ್ಟಿಯ ಐದನೇ ಆರನೇ ಸಾಲಿನಲ್ಲಿರುವ ನಡೆ ತೆಗೆದುಕೊಳ್ಳುತ್ತಾರೆ. ಅಂಕಿ ಸ್ವಲ್ಪ ಕಡಿಮೆ, ಆದರೆ ಯಾರೂ ಓದಿರೋದಿಲ್ಲ. ಎಂಜಿನ್ ಇಲ್ಲದ ಕಾಲದಲ್ಲೂ ಇಂಥದ್ದಕ್ಕೆ ಧೈರ್ಯ ಮಾಡಿದವರಿದ್ದರು. 1980ರಲ್ಲಿ ಸ್ವೀಡನ್‌ನ ಸ್ಕಾರಾದಲ್ಲಿ ಟೋನಿ ಮೈಲ್ಸ್ 1. ಇ4ಕ್ಕೆ 1... ಎ6 ಆಡಿ, 2. ಡಿ4 ಬಿ5 ಅಂತ ಮುಂದುವರಿಸಿದರು. ಎದುರಿಗಿದ್ದವರು ಆಗಿನ ವಿಶ್ವ ಚಾಂಪಿಯನ್ ಕಾರ್ಪೋವ್. ಗೆದ್ದದ್ದು ಮೈಲ್ಸ್. ಇವತ್ತು ಎಂಜಿನ್ ಆ ಸ್ಥಾನದಲ್ಲಿ ಬಿಳಿಗೆ ಮೇಲುಗೈ ಕೊಡುತ್ತೆ, ಆದರೆ ಕಪ್ಪು ಯಾವ ಕಾಯಿಯನ್ನೂ ಕಳೆದುಕೊಂಡಿಲ್ಲ.

ಹ್ಯಾಲೋವೀನ್‌ಗೂ ಇವಕ್ಕೂ ಇರುವ ವ್ಯತ್ಯಾಸ ಇದೇ. 4. ಎಚ್3 ಫಲಿಸದಿದ್ದರೆ ನಿಮಗೆ ಒಂದು ಸಾಧಾರಣ ಆಟ ಉಳಿಯುತ್ತೆ. 4. ಕು×ಇ5 ಫಲಿಸದಿದ್ದರೆ ಕುದುರೆ ಉಳಿಯೋದಿಲ್ಲ. ಹಾಗಾಗಿ ಇಂಥ ಓಪನಿಂಗ್ ಪರೀಕ್ಷೆ ಮಾಡುವಾಗ ಒಂದೇ ಅಂಕಿ ಬರೆಯಬೇಡಿ. ಎದುರಾಳಿಗೆ ಸರಿಯಾದ ನಡೆ ಗೊತ್ತಿದ್ದರೆ ನಿಮ್ಮ ಕೈಯಲ್ಲಿ ಏನು ಉಳಿಯುತ್ತೆ, ಅದನ್ನೂ ಬರೆಯಿರಿ. ನಾನಾಗಿದ್ದರೆ ಆ ಎರಡನೇ ಅಂಕಿಯನ್ನೇ ಮೊದಲು ನೋಡುತ್ತೇನೆ.

---

ಕುದುರೆಸವಾರ • ಶನಿವಾರ, ರಾತ್ರಿ 11:05

ಮೂರು ದಿನ ಮಾಯಾ ಇನ್‌ಸ್ಟಾಲ್ ಮಾಡಿ, ಎಕ್ಸ್‌ಪ್ಲೋರರ್ ಪಕ್ಕದಲ್ಲಿಟ್ಟು ಕೂತಿದ್ದೆ. ಮೇಡಂ ಹೇಳಿದ ಹಾಗೆ ಮೊದಲು ಪೆನ್ಸಿಲ್, ಆಮೇಲೆ ಎಂಜಿನ್.

ಪೆನ್ಸಿಲ್ ಪುಟವನ್ನೂ ಎಂಜಿನ್ ಪುಟವನ್ನೂ ಅಕ್ಕಪಕ್ಕ ಇಟ್ಟಾಗ ಒಂದು ವಿಷಯ ಕಣ್ಣಿಗೆ ಹೊಡೆಯಿತು. ಆ ಹುಡುಗನ ಜೊತೆಗಿನ ಆಟದಲ್ಲಿ ನಾನು ಸೋತದ್ದು 7... ಡಿ5ಯಿಂದ ಅಂತ ಬರೆದಿದ್ದೆ. ನೋಡಿದರೆ ಅದಾದ ಮೇಲೂ ಆಟ ಇತ್ತು. ನಿಜವಾಗಿ ಸೋತದ್ದು ಅದಕ್ಕಿಂತ ತುಂಬಾ ಮುಂದೆ, ಗಾಬರಿಯಿಂದ ರಾಣಿಗಳನ್ನು ಬದಲಾಯಿಸಿಕೊಂಡಾಗ. ಕುದುರೆ ಕಡಿಮೆ ಇದ್ದವನು ರಾಣಿ ಬದಲಾಯಿಸಬಾರದು ಅಂತ ನನಗೆ ಗೊತ್ತು. ಆದರೂ ಮಾಡಿದೆ. ಎದುರಿಗಿದ್ದ ಮಗುವಿಗೆ ಈ ಲೈನ್ ಗೊತ್ತಿದೆ ಅಂತ ಆದ ಕೂಡಲೇ ಮನಸ್ಸಿನಲ್ಲೇ ಸೋತಿದ್ದೆ.

ಸದ್ಯಕ್ಕೆ ಹೀಗೆ ತೀರ್ಮಾನ ಮಾಡಿದ್ದೇನೆ. ಬ್ಲಿಟ್ಜ್‌ನಲ್ಲಿ ಹ್ಯಾಲೋವೀನ್ ಬಿಡುವುದಿಲ್ಲ. ಟೂರ್ನಿಯಲ್ಲಿ 4. ಡಿ4. ಅದನ್ನೂ ಇದೇ ರೀತಿ ಪರೀಕ್ಷೆ ಮಾಡುತ್ತಿದ್ದೇನೆ. 6... ಒಂ-ಬಿ4 ಸ್ಥಾನದಿಂದ ಬಿಳಿಗೆ ಉಸಿರಾಡುವ ದಾರಿ ಇದೆಯಾ ಅಂತ ಹುಡುಕೋದನ್ನು ಮಾತ್ರ ನಿಲ್ಲಿಸುವುದಿಲ್ಲ. ಫೈಲ್ ಯಾರಿಗಾದರೂ ಬೇಕಿದ್ದರೆ ಹೇಳಿ.

---

ಎಂಟನೇಸಾಲು • ಭಾನುವಾರ, ಬೆಳಿಗ್ಗೆ 8:10

ಫೈಲ್ ನನಗೆ ಬೇಕು. ನನ್ನ ಕ್ಲಾಸಿನ ಒಬ್ಬ ಹುಡುಗಿ ಈ ಚರ್ಚೆ ಓದಿ ಒಂದು ಪ್ರಶ್ನೆ ಕೇಳಿದ್ದಾಳೆ. 7... ಡಿ5 ಆದ ಮೇಲೆ ಒಂಟೆಯಿಂದ ಹೊಡೆಯದೆ, ಇ5 ಕಾಲಾಳಿನಿಂದ ಆನ್ ಪಾಸಾಂತ್ (ಎರಡು ಮನೆ ಜಿಗಿದು ಪಕ್ಕಕ್ಕೆ ಬಂದ ಕಾಲಾಳನ್ನು ದಾರಿಯಲ್ಲೇ) ಹೊಡೆದರೆ ಏನು? ಮೇಲೆ ಯಾರೂ ಅದನ್ನು ಹೇಳಿಲ್ಲ.

---

ಬಿಳಿಮನೆ • ಭಾನುವಾರ, ಬೆಳಿಗ್ಗೆ 9:00

ಒಳ್ಳೆ ಪ್ರಶ್ನೆ, ನಾವೆಲ್ಲ ದಾಟಿಕೊಂಡು ಹೋಗಿದ್ದೇವೆ. 8. ಇ×ಡಿ6 ಒಂ×ಡಿ6. ಎಂಜಿನ್ ಹಾಕುವ ಮುಂಚೆ ಬೋರ್ಡ್ ನೋಡಲು ಹೇಳಿ. ಕಪ್ಪಿನ ಕುದುರೆಯನ್ನು ಜಿ8ರಲ್ಲಿ ಕಟ್ಟಿಹಾಕಿದ್ದು ಇ5ರ ಕಾಲಾಳು. ಅದೇ ಈಗ ಇಲ್ಲ. ಕಪ್ಪಿನ ಒಂಟೆ ಹೊರಗೆ ಬಂತು, ಕುದುರೆ ಮತ್ತೆ ಎಫ್6ಕ್ಕೆ ಬರಬಹುದು, ಕೋಟೆ ಕಟ್ಟಿಕೊಳ್ಳಬಹುದು. ಕೊಟ್ಟ ಕುದುರೆಗೆ ಬದಲಾಗಿ ನಮ್ಮ ಹತ್ತಿರ ಉಳಿಯೋದು ಒಂದು ಕಾಲಾಳು ಮಾತ್ರ. ಆದರೆ ಒಂದು ಸಲ 9. ರಾಣಿ-ಎಫ್3 ಹಾಕಿ ಅವಳಿಗೆ ಕೊಡಿ. ಕಪ್ಪು ಎಫ್7 ಅನ್ನು ಹೇಗೆ ಕಾಯಬೇಕು ಅಂತ ಅವಳೇ ಹುಡುಕಲಿ.